ಅಲ್ಲಾಡಿಸಿದರೆ ಮಾತ್ರ ಹೊತ್ತುವ ಕೆಟಲ್

ಪ್ರಶ್ನೆ: ನಮ್ಮದು ಹೊಸನಗರದ ಕಡೆ ಹಳ್ಳಿ. ಒಂದೂವರೆ ಲೀಟರಿನ, 1500 ವ್ಯಾಟಿನ ಸ್ಟೀಲ್ ಕೆಟಲ್ ಇದೆ. ಮಳೆ ಹಿಡಿದ ಮೇಲೆ ಒಮ್ಮೊಮ್ಮೆ ಅದರ ಲೈಟೇ ಬರುವುದಿಲ್ಲ, ಅಲ್ಲಾಡಿಸಿದರೆ ಬರುತ್ತದೆ. ಸಂಜೆ ಹೊತ್ತು ಕಷಾಯಕ್ಕೆ ನೀರು ಕಾಯಲು ತುಂಬಾ ಹೊತ್ತು ಬೇಕು. ಮನೆಯಲ್ಲೇ ರಿಪೇರಿ ಮಾಡಬಹುದಾ?

ಉತ್ತರ: ನೀವು ಹೇಳಿದ್ದು ಎರಡು ಬೇರೆ ಬೇರೆ ತೊಂದರೆ. ಎರಡನೆಯದಕ್ಕೆ ಕೆಟಲ್ ಕಾರಣ ಅಲ್ಲದೆಯೂ ಇರಬಹುದು.

ಅಲ್ಲಾಡಿಸಿದಾಗ ಹೊತ್ತುತ್ತದೆ ಅಂದರೆ ಮೊದಲ ಅನುಮಾನ ಕೆಳಗಿನ ಸ್ಟ್ಯಾಂಡಿನ ಮೇಲೆ. ಪ್ಲಗ್ ಕಿತ್ತು, ಕೆಟಲ್ ಪೂರ್ತಿ ಆರಲು ಬಿಡಿ. ಸ್ಟ್ಯಾಂಡಿನ ನಡುವಿನ ಗುಬುಟು, ಕೆಟಲ್ ತಳದ ಗುಂಡಿ, ಎರಡನ್ನೂ ಟಾರ್ಚ್ ಹಿಡಿದು ನೋಡಿ. ಮಳೆಗಾಲದಲ್ಲಿ ಇರುವೆಗಳು ಒಣಗಿದ, ಬೆಚ್ಚಗಿನ ಜಾಗ ಹುಡುಕಿ ಇಂಥಲ್ಲೇ ಸೇರಿಕೊಳ್ಳುತ್ತವೆ. ಸಂಪರ್ಕದ ನಡುವೆ ಸಿಕ್ಕಿ ಸುಟ್ಟು ಕರಿ ಕಟ್ಟುತ್ತದೆ. ಒಣ ಹಲ್ಲುಜ್ಜುವ ಬ್ರಷ್ಷಿನಿಂದ ಕೊಡವಿ, ಕೈಗೆಟುಕುವ ಲೋಹವನ್ನು ನಯವಾದ ಮರಳು ಕಾಗದದಿಂದ ಹಗುರವಾಗಿ ಉಜ್ಜಿ. ಪ್ಲಾಸ್ಟಿಕ್ ಕರಗಿದ್ದರೆ ಉಜ್ಜಿ ಪ್ರಯೋಜನವಿಲ್ಲ. ಸ್ಟ್ಯಾಂಡ್ ಮಾತ್ರ ಬಿಡಿಯಾಗಿ ಸಿಗುತ್ತದಾ ವಿಚಾರಿಸಿ. ಅಂಗಡಿಗೆ ಹಳೆಯದನ್ನೂ ಕೆಟಲನ್ನೂ ಒಯ್ಯಿರಿ, ಒಂದಕ್ಕೊಂದು ಕೂರದ ಸ್ಟ್ಯಾಂಡುಗಳು ಬೇಕಾದಷ್ಟಿವೆ.

ಇನ್ನು ಸಂಜೆಯ ನಿಧಾನ. ಲೈನಿನ ತುದಿಯ ಮನೆಗಳಲ್ಲಿ ಆ ಹೊತ್ತಿಗೆ ವೋಲ್ಟೇಜ್ ಬೀಳುವುದು ಗೊತ್ತಲ್ವಾ? 230 ವೋಲ್ಟ್ 170ಕ್ಕೆ ಇಳಿದರೆ ನಿಮ್ಮ 1500 ವ್ಯಾಟಿನ ಕೆಟಲ್ ಕೆಲಸ ಮಾಡುವುದು 820 ವ್ಯಾಟಿನಷ್ಟು. ತುಂಬಿದ ಕೆಟಲ್ 5–6 ನಿಮಿಷದಲ್ಲಿ ಕುದಿಯಬೇಕಾದದ್ದು 10 ನಿಮಿಷ ದಾಟುತ್ತದೆ. ಬೆಳಗ್ಗೆ ಬೇಗ ಕುದಿಯುತ್ತದೆಯಾ ನೋಡಿ. ಹೌದಾದರೆ ಕೆಟಲ್ ಬಿಚ್ಚುವುದೇ ಬೇಡ.

ಪ್ಲಗ್ ಮುಟ್ಟಿದರೆ ಬಿಸಿಯಾ? 1500 ವ್ಯಾಟಿಗೆ ಆರೂವರೆ ಆಂಪಿಯರ್ ಕರೆಂಟ್ ಬೇಕು. 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಅದು ಜಾಸ್ತಿಯೇ. ಮಿಕ್ಸಿ, ಕೆಟಲ್ ಎಲ್ಲ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ದೊಡ್ಡ 16 ಆಂಪಿಯರ್ ಸಾಕೆಟ್ ಬಳಸಿ.

ಮಲ್ಟಿಮೀಟರ್ ಹಿಡಿದು ಗೊತ್ತಿರುವವರು ಮನೆಯಲ್ಲಿದ್ದರೆ ನೀರು ಕಾಯಿಸುವ ಎಲಿಮೆಂಟಿನ ಎರಡು ತುದಿಗಳ ನಡುವೆ ಅಳೆಯಲಿ. ಸುಮಾರು 35 ಓಮ್ ಬಂದರೆ ಎಲಿಮೆಂಟ್ ಚೆನ್ನಾಗಿದೆ. ಏನೂ ತೋರಿಸದಿದ್ದರೆ ಹೋಗಿದೆ. ಅದು ತಳದ ತಟ್ಟೆಗೇ ಬೆಸೆದಿರುತ್ತದೆ, ಬದಲಿಸಲು ಬರುವುದಿಲ್ಲ, ಹೊಸ ಕೆಟಲ್ಲೇ ಗತಿ. ತುದಿಗೂ ಸ್ಟೀಲ್ ಮೈಗೂ ನಡುವೆ ಮೀಟರ್ ಏನಾದರೂ ಸಂಪರ್ಕ ತೋರಿಸಿದರೆ, ಅಥವಾ ಮುಟ್ಟಿದಾಗ ಜುಂ ಅಂದರೆ, ಆ ಕೆಟಲ್ ಗುಜರಿಗೆ.

ಒಳಗಿನ ಥರ್ಮಲ್ ಫ್ಯೂಸ್ ಹೋದಾಗ ಕೆಲವರು ಸುಮ್ನೆ ಒಂದು ತಂತಿ ಜೋಡಿಸಿ ಕೊಡುತ್ತಾರೆ. ಕೆಟಲ್ ಓಡುತ್ತದೆ, ನಿಜ. ನೀರಿಲ್ಲದೆ ಉರಿದಾಗ ಕೊನೆಗೆ ಕರೆಂಟ್ ಕಡಿಯಬೇಕಾದದ್ದು ಆ ಫ್ಯೂಸೇ. ಅಂಥ ರಿಪೇರಿ ಬಿಟ್ಟಿ ಮಾಡಿಕೊಟ್ಟರೂ ಬೇಡ ಅನ್ನಿ.