ಕುಂತು ಬಂದವರಿಗೆ ಯಾಕೆ ಸುಸ್ತು?

ಮೆದುಳಿನಲ್ಲಿ ರಕ್ತಸ್ರಾವವಾಗಿ ಬದುಕಿ ಬಂದವರ ಮನೆಯವರಿಂದ ಒಂದು ದೂರು ನನಗೆ ಪದೇ ಪದೇ ಬರುತ್ತದೆ. "ಮನ್ಯಾಗ ಇದ್ರ ಆರಾಮ ಇರ್ತಾರ್ರಿ. ಎಲ್ಲೆರೆ ಊರಿಗೆ ಹೋಗಿ ಬಂದ್ರ ಮುಗೀತು, ಎರಡು ದಿನಾ ಹಾಸಿಗಿ ಬಿಡಂಗಿಲ್ಲ. ಇದು ರೋಗೋ, ಸೋಗೋ ನೀವ ನೋಡ್ರಿ." ಹುಬ್ಬಳ್ಳಿಯಲ್ಲಿ ಆಪ್ತಸಲಹೆ ಕೊಡುವ ನನ್ನ ಮುಂದೆ ಕೂತು ಹೀಗೆ ಹೇಳುವವರು ಕೆಟ್ಟವರಲ್ಲ. ಐಸಿಯು ಬಾಗಿಲಲ್ಲಿ ರಾತ್ರಿ ಎಲ್ಲಾ ಎಚ್ಚರ ಇದ್ದವರೇ ಅವರು. ಆದರೂ ಈ ಮಾತು ಬರುತ್ತದೆ. ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಗದಗಿನ ಕಡೆಯ ಹೆಣ್ಣುಮಗಳು. ವಯಸ್ಸು ಐವತ್ತು ದಾಟಿದೆ. ಬಿಪಿ ಏರಿ ಮೆದುಳಿನ ಬಲಭಾಗದಲ್ಲಿ ರಕ್ತಸ್ರಾವ ಆಗಿತ್ತು. ಆಪರೇಷನ್ ಬೇಕಾಗಲಿಲ್ಲ. ಎಡಗೈ ಎತ್ತಲು ಬರುತ್ತಿರಲಿಲ್ಲ, ವ್ಯಾಯಾಮ ಮಾಡಿ ಮಾಡಿ ಅದೂ ಸುಮಾರು ಸರಿಹೋಯಿತು. ಒಂದು ವರ್ಷದ ಮೇಲೆ ನನ್ನ ಹತ್ತಿರ ಬಂದಾಗ ಮೊದಲಿನ ಹಾಗೆ ರೊಟ್ಟಿ ಬಡಿಯುತ್ತಿದ್ದರು. ನೋಡಿದವರು ಇವರಿಗೆ ಇಂಥದ್ದೊಂದು ಆಗಿತ್ತು ಅಂತ ಹೇಳಲಾರರು.

ತೊಂದರೆ ಇರುವುದೇ ಅಲ್ಲಿ. ಕೋಲು ಹಿಡಿದು ನಡೆಯುವವರಿಗೆ ಬಸ್ಸಿನಲ್ಲಿ ಜನ ಎದ್ದು ಜಾಗ ಕೊಡುತ್ತಾರೆ. ಕೈಕಾಲು ಸರಿ ಇರುವವರ ಸುಸ್ತನ್ನು ಯಾರೂ ನಂಬುವುದಿಲ್ಲ. ಆದರೆ ಇಂಥ ಸುಸ್ತು ಪಾರ್ಶ್ವವಾಯು (ಮೆದುಳಿನ ರಕ್ತಸ್ರಾವವೂ ಅದರ ಒಂದು ಬಗೆ) ಆದವರಲ್ಲಿ ಸುಮಾರು ಅರ್ಧದಷ್ಟು ಜನರನ್ನು ಕಾಡುತ್ತದೆ. ಸಣ್ಣ ರಕ್ತಸ್ರಾವ ಆದವರಿಗೂ ಬರುತ್ತದೆ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಇರುತ್ತದೆ. ಒಂದು ನಿದ್ದೆ ಮಾಡಿ ಎದ್ದರೆ ಹೋಗುವ ದಣಿವಲ್ಲ ಇದು.

ಅವರ ಜೊತೆ ಗಂಡ ಬಂದಿದ್ದರು. ಮಿತಭಾಷಿ. ಮೊದಲೆರಡು ಭೇಟಿಗಳಲ್ಲಿ ಹೆಚ್ಚೇನೂ ಮಾತಾಡಲಿಲ್ಲ. ಮೂರನೆಯ ಸಲ ಸಹನೆ ಮೀರಿತು ಅಂತ ಕಾಣುತ್ತದೆ.

"ಬಸ್ಸಿನ್ಯಾಗ ಕುಂತು ಬಂದಾಳ್ರಿ. ನಡಕೋಂತ ಏನ್ ಬಂದಿಲ್ಲ. ಟಿಕೆಟ್ ಸೈತ ಫ್ರೀ. ಕುಂತು ಬಂದಾಕಿಗೆ ಎಂಥಾ ಸುಸ್ತು?"

ಆ ಟಿಕೆಟ್ ಮಾತು ಬಂದದ್ದಕ್ಕೆ ಹೇಳುತ್ತೇನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಕಡೆ ಹೆಣ್ಣುಮಕ್ಕಳ ಓಡಾಟ ಜಾಸ್ತಿ ಆಗಿದೆ. ಒಳ್ಳೆಯದೇ. ಬಸ್ ಚಾರ್ಜಿಗೆ ಯಾರ ಮುಂದೂ ಕೈಚಾಚದೆ ಡಾಕ್ಟರ್ ಹತ್ತಿರ ತೋರಿಸಿಕೊಳ್ಳಲು ಬರುವವರನ್ನು ನಾನೇ ನೋಡಿದ್ದೇನೆ. ಆದರೆ ಬೀಗರಿಗೆ ಒಂದು ಹೊಸ ಮಾತೂ ಸಿಕ್ಕಿದೆ. "ರೊಕ್ಕ ಏನ್ ಹತ್ತೂದಿಲ್ಲ, ಬರಾಕ ಏನ್ ಧಾಡಿ?" ತೊಟ್ಟಿಲು, ಕುಪ್ಪಸ, ಗೃಹಪ್ರವೇಶ, ಎಲ್ಲದಕ್ಕೂ ಇದೇ. ಈ ಅಕ್ಕ ಎಲ್ಲದಕ್ಕೂ ಹೋಗುತ್ತಿದ್ದರು.

ಗಂಡನ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಇಂಥ ಕಡೆ ವಾದಕ್ಕೆ ಇಳಿದರೆ ಸಲಹೆಗಾರ ಹೆಂಡತಿಯ ಪಕ್ಷ ಅಂತ ಆಗಿಬಿಡುತ್ತದೆ. ಅಕ್ಕನಿಗೇ ಹೇಳಿದೆ. "ಅಕ್ಕಾರ, ಹೋದ ಸಲ ಧಾರವಾಡಕ್ಕ ಮಗನ ಮನಿಗೆ ಹೋಗಿದ್ರಲ್ಲ, ಆ ಪ್ರಯಾಣ ಪೂರ್ತಿ ಹೇಳ್ರಿ. ಒಂದೂ ಬಿಡಬ್ಯಾಡ್ರಿ. ಯಜಮಾನ್ರು ಸುಮ್ಮನ ಕೇಳ್ತಾರ."

ಅವರು ಹೇಳತೊಡಗಿದ್ದು ಬಸ್ಸಿನಿಂದ ಅಲ್ಲ, ಹಿಂದಿನ ದಿನದ ಮಧ್ಯಾಹ್ನದಿಂದ. ಮಗನಿಗೆ ಅಂತ ರೊಟ್ಟಿ ಬಡಿದು ಕಟ್ಟಿದ್ದು. ಶೇಂಗಾ ಚಟ್ನಿ ಕುಟ್ಟಿದ್ದು. ಬೆಳಗ್ಗೆ ಬಸ್ ತಪ್ಪೀತು ಅಂತ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಗದಗ ಬಸ್ ಸ್ಟ್ಯಾಂಡಿನಲ್ಲಿ ನಿಂತು ಒಂದೊಂದೂ ಬೋರ್ಡು ಓದಿದ್ದು. ಓದಿದ್ದು ತಲೆಗೆ ಹೋಗುವಷ್ಟರಲ್ಲಿ ಬಸ್ ಮುಂದೆ ಹೋಗಿರುತ್ತಿತ್ತು. ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ಗದ್ದಲ. ಆಧಾರ್ ಕಾರ್ಡು ಎಲ್ಲಿಟ್ಟೆ ಅಂತ ಚೀಲವೆಲ್ಲ ಹುಡುಕಿದ್ದು. ಅಣ್ಣಿಗೇರಿ ದಾಟುವವರೆಗೂ ಮರಗಳ ನಡುವಿನ ಬಿಸಿಲು ಕಣ್ಣಿಗೆ ಚಕ್ ಚಕ್ ಅಂತ ಹೊಡೆದದ್ದು. ಹಾರ್ನು. ಹಿಂದಿನ ಸೀಟಿನವರ ಮೊಬೈಲಿನ ಸದ್ದು. ಪಕ್ಕದವರು ಬಿಡದೆ ಮಾತಾಡಿದ್ದು, ಅವರಿಗೆ ಹೂಂ ಅನ್ನಲೇಬೇಕಾಗಿದ್ದು.

"ಕಣ್ ಮುಚ್ಚಿ ಕುಂತಿದ್ದಿ, ನಿದ್ದಿ ಹತ್ತೇತಿ ಅಂದುಕೊಂಡಿದ್ದೆ" ಅಂದರು ಗಂಡ.

"ಕಣ್ ಮುಚ್ಚಬಹುದು, ಕಿವಿ ಹೆಂಗ ಮುಚ್ಚಲಿ?"

ಆರೋಗ್ಯವಂತ ಮೆದುಳು ಬೇಡದ ಸದ್ದು, ಬೆಳಕನ್ನು ತಾನೇ ಬದಿಗೆ ಸರಿಸುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ಪೆಟ್ಟು ತಿಂದ ಮೆದುಳಿಗೆ ಅದು ಸುಲಭವಲ್ಲ. ಎಲ್ಲವೂ ಒಳಗೆ ಬರುತ್ತದೆ, ಪ್ರತಿಯೊಂದಕ್ಕೂ ಗಮನ ಕೊಡಬೇಕಾಗುತ್ತದೆ. ಮೈ ಕೂತಿರುತ್ತದೆ, ತಲೆ ದುಡಿಯುತ್ತಿರುತ್ತದೆ. ಗದಗಿನಿಂದ ಹುಬ್ಬಳ್ಳಿಗೆ ಅರವತ್ತು ಕಿಲೋಮೀಟರೂ ಇಲ್ಲ, ನಿಜ. ಆದರೆ ಈ ಸುಸ್ತು ಕಿಲೋಮೀಟರಿನ ಲೆಕ್ಕದಲ್ಲಿ ಬರುವುದಿಲ್ಲ.

ಇದನ್ನು ಗಂಡನಿಗೆ ವಿವರಿಸಬೇಕು ಅಂತಿದ್ದೆ. ಅಷ್ಟರಲ್ಲಿ ಆ ಅಕ್ಕ ಇನ್ನೊಂದು ಮಾತು ಹೇಳಿದರು. ದೊಡ್ಡದೇನೂ ಅಲ್ಲ ಅನ್ನುವ ಹಾಗೆ, ಸೆರಗು ಸರಿಮಾಡಿಕೊಳ್ಳುತ್ತಾ.

"ಊರಿಗೆ ಹೋಗೂ ದಿನ ನಾ ಆ ಮುಂಜಾನಿ ಗುಳಿಗಿ ತಗೊಳ್ಳೂದಿಲ್ರಿ. ನೀರೂ ಕುಡಿಯೂದಿಲ್ಲ."

ಯಾಕೆ ಅಂತ ಕೇಳಿದೆ.

"ಅದನ್ನ ತಗೊಂಡ್ರ ಒಂದಕ್ಕ ಅವಸರ ಆಗತೈತ್ರಿ. ಬಸ್ ನಿಲ್ಸು ಅಂತ ಗಂಡಸರ ಮುಂದ ಹೆಂಗ ಹೇಳೂದು? ಒಮ್ಮೆ ನಮ್ಮ ನಾದಿನಿ ಅಂದಿದ್ಲು, ಈಕಿನ್ನ ಕರ್ಕೊಂಡು ಹೋದ್ರ ಎಲ್ಲಾರ್ಗೂ ತ್ರಾಸು ಅಂತ. ಹಂಗ ಅಂದು ಅಂದು ಕರಿಯೂದ ಬಿಟ್ರ?"

ಗಂಡ ತಲೆ ಎತ್ತಿ ನೋಡಿದರು. ಅವರಿಗೆ ಇದು ಗೊತ್ತೇ ಇರಲಿಲ್ಲ.

ಅವರು ಹೇಳುತ್ತಿದ್ದದ್ದು ಬಿಪಿ ಗುಳಿಗೆ. ಬಿಪಿಯ ಕೆಲವು ಮಾತ್ರೆಗಳಲ್ಲಿ ಮೂತ್ರ ಹೆಚ್ಚು ಮಾಡುವ ಔಷಧಿ ಇರುತ್ತದೆ. ಬಿಪಿ ಏರಿ ಒಮ್ಮೆ ರಕ್ತಸ್ರಾವ ಆದವರು ಅದೇ ಗುಳಿಗೆ ಬಿಟ್ಟು, ನೀರೂ ಬಿಟ್ಟು, ನಿದ್ದೆಗೆಟ್ಟು ಪ್ರಯಾಣ ಮಾಡುವುದು. ಅಲ್ಲಿ ಉಪ್ಪಿನಕಾಯಿ, ಹಪ್ಪಳದ ಊಟ. ಗದಗಿನವರು ಅಂದ ಮೇಲೆ ಮಿರ್ಚಿ ಭಜಿಯೂ ಇರಲೇಬೇಕು. ನಾನು ಅಲ್ಲಿಯವರೆಗೆ ಯೋಚಿಸುತ್ತಿದ್ದದ್ದು ಸುಸ್ತಿನ ಬಗ್ಗೆ. ಇದು ಪ್ರಾಣದ ವಿಷಯ.

ಅವತ್ತೇ ಅವರನ್ನು ನೋಡುತ್ತಿದ್ದ ಡಾಕ್ಟರಿಗೆ ಚೀಟಿ ಬರೆದು ಕಳಿಸಿದೆ. ಗುಳಿಗೆಯ ಹೊತ್ತು ಬದಲಿಸಿಕೊಳ್ಳಿ ಅಂತ ನಾನು ಹೇಳಲಿಲ್ಲ, ಅದು ನನ್ನ ಕೆಲಸ ಅಲ್ಲ. ನಾನು ಹೇಳಿದ್ದು ಇಷ್ಟೇ. "ನನಗ ಹೇಳಿದ್ದನ್ನ ಹಂಗೇ ಡಾಕ್ಟರ್ ಮುಂದ ಹೇಳ್ರಿ. ಒಂದಕ್ಕ ಅವಸರ ಆಗತೈತಿ ಅನ್ನೂದೂ ಹೇಳ್ರಿ." ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಗುಳಿಗೆಯನ್ನೇ ಬದಲಿಸಿದರು. ಸುಸ್ತು ಅಂದ ಕೂಡಲೇ ಮೆದುಳಿನದೇ ಅಂದುಕೊಳ್ಳುವುದೂ ತಪ್ಪು. ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು, ಸೋಡಿಯಂ ಇಳಿದಿರಬಹುದು. ಫಿಟ್ಸ್ ಬರದಿರಲಿ ಅಂತ ಕೊಡುವ ಮಾತ್ರೆಗಳೂ ಕೆಲವರಿಗೆ ಮಂಪರು ತರುತ್ತವೆ. ಗೊರಕೆ ಜೋರಾಗಿದ್ದು ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಹಗಲೆಲ್ಲಾ ತೂಕಡಿಕೆ. ಮನಸ್ಸು ಕುಗ್ಗಿದ್ದರೂ ಹೀಗೇ ಆಗುತ್ತದೆ. ಅದಕ್ಕೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಂಥ ಕಡೆ ತೋರಿಸಲು ನಾಚಿಕೆ ಬೇಡ.

ಆಮೇಲೆ ಪ್ರಯಾಣದ ಮಾತು. ಇಲ್ಲಿ ನನ್ನ ನಿಲುವು ಗಟ್ಟಿ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಮನೆಯಲ್ಲೇ ಕೂತವರು ಇನ್ನಷ್ಟು ಸೊರಗುತ್ತಾರೆ, ಮನಸ್ಸೂ ಸೊರಗುತ್ತದೆ. ಆದರೆ ಪ್ರಯಾಣವನ್ನು ಕೆಲಸ ಅಂತ ಎಣಿಸಿ ಅನ್ನುತ್ತೇನೆ. ಸುಗ್ಗಿಯಲ್ಲಿ ಇಡೀ ದಿನ ಹೊಲದಲ್ಲಿ ದುಡಿದವರನ್ನು ಮರುದಿನ ಯಾಕೆ ಮಲಗಿದ್ದಿ ಅಂತ ಯಾರೂ ಕೇಳುವುದಿಲ್ಲ, ಅಲ್ವಾ? ಹಾಗೇ ಇದು.

ಹಿಂದಿನ ದಿನ ಖಾಲಿ ಇರಬೇಕು. ರೊಟ್ಟಿ ಕಟ್ಟುವುದಿದ್ದರೆ ವಾರದ ಮೊದಲೇ ಕಡಕ್ ರೊಟ್ಟಿ ಮಾಡಿಡಿ, ಇಲ್ಲಾ ಕೊಂಡು ಒಯ್ಯಿರಿ. ಧಾರವಾಡದಲ್ಲೂ ರೊಟ್ಟಿ ಸಿಗುತ್ತದೆ ಅಂದಾಗ ಅವರಿಗೆ ಸಿಟ್ಟು ಬಂತು. ಬರಲಿ. ಮರುದಿನವೂ ಖಾಲಿ ಇರಬೇಕು. ವಿಶ್ರಾಂತಿ ಸುಸ್ತಾದ ಮೇಲೆ ಅಲ್ಲ, ಸುಸ್ತಾಗುವ ಮೊದಲು. ಹೋದ ಮನೆಯಲ್ಲಿ ಇಳಿದ ಕೂಡಲೇ ಒಂದು ಕತ್ತಲೆ ಕೋಣೆಯಲ್ಲಿ ಅರ್ಧ ಗಂಟೆ ಮಲಗಿ, ಆಮೇಲೆ ಮಾತು. ಇದನ್ನು ಗಂಡ ಮೊದಲೇ ಫೋನಿನಲ್ಲಿ ಹೇಳಿಡಬೇಕು. ಹೆಂಡತಿಯ ಬಾಯಿಂದ ಬಂದರೆ ಸೋಗು ಅನ್ನುತ್ತಾರೆ, ಗಂಡ ಹೇಳಿದರೆ ಡಾಕ್ಟರ್ ಹೇಳಿದ್ದು ಅನ್ನುತ್ತಾರೆ. ನಮ್ಮ ಕಡೆ ಹಾಗೇ ಇದೆ, ಅದನ್ನು ನಾನು ಬದಲಿಸುವವರೆಗೆ ಇವರು ಕಾಯಲಾರರು.

ಬಸ್ಸಿಗಿಂತ ರೈಲು ಒಳ್ಳೆಯದು ಅಂದೆ. ಗದಗ, ಹುಬ್ಬಳ್ಳಿ, ಧಾರವಾಡ ಒಂದೇ ಸಾಲಿನಲ್ಲಿವೆ, ರೈಲಿನಲ್ಲಿ ಶೌಚಾಲಯ ಇದೆ. ಟಿಕೆಟ್ ದುಡ್ಡು ಕೊಡಬೇಕಾಗುತ್ತದೆ, ಕೊಡಿ. ಒಂದೇ ಎಚ್ಚರ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದದ್ದು. ನಮಗೆಲ್ಲ ಹೆಮ್ಮೆ, ಸುಸ್ತಾದವರಿಗೆ ಶಿಕ್ಷೆ. ಅಲ್ಲಿ ಇಳಿಯುವುದಿದ್ದರೆ ಯಾವ ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಕೇಳಿ ಹತ್ತಿ, ಗಾಲಿಕುರ್ಚಿ ಕೇಳಲು ಸಂಕೋಚ ಬೇಡ. ಬಸ್ಸೇ ಗತಿ ಅಂದರೆ ಬಿಸಿಲು ಬೀಳದ ಕಡೆ ಕೂತು, ಕಣ್ಣಿನ ಮೇಲೆ ಸೆರಗು, ಕಿವಿಗೆ ಹತ್ತಿ. ಆಧಾರ್ ಕಾರ್ಡು, ಬೋರ್ಡು ಓದುವುದು, ಇಳಿಯುವ ಜಾಗ, ಎಲ್ಲಾ ಗಂಡನ ಪಾಲಿಗೆ.

ಮದುವೆಗೆ ಹೋಗಿ ಅದೇ ದಿನ ತಿರುಗಿ ಬರುವುದು ಪೂರ್ತಿ ಬಂದ್ ಅಂದೆ. ಅಕ್ಷತೆಯ ಗದ್ದಲಕ್ಕೆ ಬೇಡ, ವಾರ ಬಿಟ್ಟು ಹೋಗಿ ಮದುಮಕ್ಕಳಿಗೆ ಆಯೇರಿ ಮಾಡಿ ಬನ್ನಿ. ಇದೇ ಜಗಳಕ್ಕೆ ಕಾರಣ ಆಯಿತು. ನಾದಿನಿಯ ಮೊಮ್ಮಗನ ತೊಟ್ಟಿಲಿಗೆ ಇವರು ಹೋಗಲಿಲ್ಲ, ಆಮೇಲೆ ಹೋಗಿ ಬಂದರು. ಆ ನಾದಿನಿ ನನಗೇ ಫೋನ್ ಮಾಡಿದರು. "ಸಲಹೆ ಕೊಡೂದು ಅಂದ್ರ ಮನಿ ಮುರಿಯೂದೇನ್ರಿ?"

ನಾನು ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಎಲ್ಲದಕ್ಕೂ ಬಂದು, ಗುಳಿಗೆ ಬಿಟ್ಟು, ಮೂಲೆಯಲ್ಲಿ ಬೆವರುತ್ತಾ ಕೂತ ಅತ್ತಿಗೆ ಬೇಕೋ, ನಾಲ್ಕರಲ್ಲಿ ಒಂದಕ್ಕೆ ಬಂದು ನಗುನಗುತ್ತಾ ಮಾತಾಡುವ ಅತ್ತಿಗೆ ಬೇಕೋ? ಕರೆಯುವುದನ್ನು ಬಿಡಬೇಡಿ, ಬರದಿದ್ದರೆ ಸಿಟ್ಟಾಗಬೇಡಿ. ಎರಡೂ ಒಟ್ಟಿಗೆ ಬೇಕು. ಅವರು ಗುಳಿಗೆ ಬಿಟ್ಟಿದ್ದು ಅಸಡ್ಡೆಯಿಂದಲ್ಲ, ಕರೆ ನಿಲ್ಲುತ್ತದೆ ಅನ್ನುವ ಭಯದಿಂದ. ಆ ಭಯ ಹೋಗದೆ ಡಾಕ್ಟರ್ ಎಷ್ಟು ಗುಳಿಗೆ ಬದಲಿಸಿದರೂ ಉಪಯೋಗ ಇಲ್ಲ. ಔಷಧಿ ವಿಷಯಕ್ಕೆ ಆಪ್ತಸಲಹೆಗಾರರು ಕೈಹಾಕಬಾರದು ಅಂತ ನಮ್ಮಲ್ಲೇ ಕೆಲವರು ಅನ್ನುತ್ತಾರೆ. ಹಾಕಬಾರದು, ಒಪ್ಪುತ್ತೇನೆ. ಕೇಳಲಂತೂ ಬೇಕು. ಆ ಅಕ್ಕ ಡಾಕ್ಟರ ಮುಂದೆ ಎರಡು ನಿಮಿಷದಲ್ಲಿ ಹೇಳದ ಮಾತನ್ನು ನನ್ನ ಮುಂದೆ ಒಂದು ಗಂಟೆಯ ಕೊನೆಗೆ ಹೇಳಿದ್ದು.

ಮನೆಯವರಿಗೆ ಒಂದು ವಿಷಯ ಬರೆದೇ ಕೊಟ್ಟಿದ್ದೇನೆ. ಇವರ ಸುಸ್ತು ನಿಧಾನಕ್ಕೆ ಏರುತ್ತದೆ. ಮೊದಲು ಮಾತಿನಲ್ಲಿ ಒಂದೊಂದು ಶಬ್ದ ನೆನಪಾಗುವುದಿಲ್ಲ, ಆಮೇಲೆ ಸಿಡುಕು, ಆಮೇಲೆ ಬೆಳಕು ಬೇಡ. ಮಲಗಿದರೆ ಇಳಿಯುತ್ತದೆ. ಆದರೆ ಒಮ್ಮೆಲೇ ಸಿಡಿದ ಹಾಗೆ ತಲೆನೋವು, ವಾಂತಿ, ಬಾಯಿ ಸೊಟ್ಟ ಆಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಫಿಟ್ಸ್, ಎಬ್ಬಿಸಿದರೂ ಏಳದಂಥ ಮಂಪರು, ಇವು ಪ್ರಯಾಣದ ಸುಸ್ತಲ್ಲ. ಊರಿಗೆ ಮುಟ್ಟಿ ನೋಡೋಣ ಅನ್ನಬೇಡಿ. ಎಲ್ಲಿದ್ದೀರೋ ಅಲ್ಲಿಂದಲೇ 108ಕ್ಕೆ ಫೋನ್ ಮಾಡಿ.

ಈಗ ಪ್ರಯಾಣ ಮಾಡಿ ಬಂದ ಮೇಲೆ ಅವರಿಗೆ ಸುಸ್ತು ಆಗುತ್ತದೆ, ಆದರೆ ಒಂದು ದಿನದಲ್ಲಿ ಎದ್ದು ಓಡಾಡುತ್ತಾರೆ. ಗುಳಿಗೆ ತಪ್ಪಿಸುತ್ತಿಲ್ಲ ಅಂತ ಗಂಡ ಹೇಳುತ್ತಾರೆ, ಅವರೇ ಕೈಗೆ ಕೊಡುತ್ತಾರಂತೆ. ಹೋದ ಸಲ ಬಂದಾಗ ಅಕ್ಕ ಸವದತ್ತಿ ಯಲ್ಲಮ್ಮನ ವಿಷಯ ತೆಗೆದರು. ಭಾರತ ಹುಣ್ಣಿಮೆಗೇ ಹೋಗಬೇಕಂತೆ, ಹರಕೆ ಇದೆ. ಮೊದಲು ಡಾಕ್ಟರು ಬಿಪಿ ನೋಡಿ ಹೂಂ ಅನ್ನಲಿ, ಆಮೇಲೆ ಹುಣ್ಣಿಮೆ ಬಿಟ್ಟು, ಮಂಗಳವಾರ ಶುಕ್ರವಾರವೂ ಬಿಟ್ಟು, ಗದ್ದಲ ಇಲ್ಲದ ದಿನ ಹೋಗಿ ಅಂದೆ. "ಹುಣ್ಣಿಮಿ ತಪ್ಪಿಸಿ ಹೋದ್ರ ಅವ್ವ ಏನಂತಾಳ್ರಿ?" ಅಂದರು. ಗಂಡ ಬುಧವಾರ ಆಗಬಹುದು ಅಂತಿದ್ದಾರೆ. ಅವರು ಇನ್ನೂ ಒಪ್ಪಿಲ್ಲ.