ಹಿಮ್ಮಡಿ ಗಾಳಿಯಲ್ಲಿದ್ದರೆ ನೋಬಾಲ್ ಆಗುವುದೇ?

ಬೌಲರ್‌ನ ಮುಂಗಾಲಿನ ಬೆರಳುಗಳು ಗೆರೆಯ ಮುಂದೆ ನೆಲಕ್ಕೆ ತಾಗಿ, ಹಿಮ್ಮಡಿ ಮಾತ್ರ ಗೆರೆಯ ಹಿಂದೆ ಗಾಳಿಯಲ್ಲೇ ಇದ್ದರೆ ಅದು ನೋಬಾಲ್ ಆಗುತ್ತದೆಯೇ ಎಂದು ತಾವು ಕೇಳಿದ್ದೀರಿ. ಆಗುವುದಿಲ್ಲ. ಪಾದ ನೆಲ ಮುಟ್ಟುವ ಕ್ಷಣದಲ್ಲಿ ಅದರ ಯಾವುದಾದರೊಂದು ಭಾಗ, ನೆಲದ ಮೇಲಿರಲಿ ಅಥವಾ ಮೇಲೆದ್ದಿರಲಿ, ಪಾಪಿಂಗ್ ಕ್ರೀಸಿನ, ಅಂದರೆ ಸ್ಟಂಪುಗಳ ಮುಂದೆ ಅಡ್ಡಲಾಗಿ ಎಳೆದ ಆ ಗೆರೆಯ, ಹಿಂದೆ ಇದ್ದರೆ ಸಾಕೆಂದು ಕ್ರಿಕೆಟ್‌ನ 21ನೆಯ ನಿಯಮ ಹೇಳುತ್ತದೆ. ಆಮೇಲೆ ಪಾದ ಮುಂದಕ್ಕೆ ಜಾರಿದರೂ ಆ ಕಾರಣಕ್ಕೆ ಅಂಪೈರ್ ನೋಬಾಲ್ ಕೊಡುವಂತಿಲ್ಲ. ಆದರೆ ಇಲ್ಲಿ ಕ್ರೀಸ್ ಎಂದರೆ ಬಳಿದಿರುವ ಇಡೀ ಬಿಳಿ ಪಟ್ಟಿಯಲ್ಲ, ಸ್ಟಂಪುಗಳ ಕಡೆಗಿರುವ ಅದರ ಅಂಚು. ಆದ್ದರಿಂದ ಹಿಮ್ಮಡಿ ಪಟ್ಟಿಯ ಮೇಲಷ್ಟೇ ಇದ್ದು ಅಂಚಿನ ಹಿಂದೆ ಏನೂ ಉಳಿಯದಿದ್ದರೆ ಅದು ನೋಬಾಲೇ. ಟಿವಿಯಲ್ಲಿ ನೋಡುವವರು ಎಡವುವುದು ಹೆಚ್ಚಾಗಿ ಇಲ್ಲೇ. ಹಿಂಗಾಲಿಗೆ ಇಷ್ಟು ರಿಯಾಯಿತಿಯಿಲ್ಲ: ಅದು ಊರುವಾಗ ರಿಟರ್ನ್ ಕ್ರೀಸನ್ನು, ಅಂದರೆ ಸ್ಟಂಪುಗಳ ಪಕ್ಕದಲ್ಲಿ ಉದ್ದಕ್ಕೆ ಎಳೆದ ಗೆರೆಯನ್ನು, ತಾಕಲೇಬಾರದು.