ಫ್ಯೂಸ್ ಕಟ್ಟೆ: ಅರ್ತ್ ವೈರು ತೆಗೆದ ಮೇಲೆ ಟ್ರಿಪ್ ಆಗ್ತಿಲ್ಲ, ಹೀಗೇ ಬಿಡಬಹುದಾ?

ಪ್ರಶ್ನೆ: ಮೇಡಂ, ಜೀಪಿನ ಹಿಂದೆ ಎಳೆದುಕೊಂಡು ಹೋಗುವ ಪುಟ್ಟ ಕ್ಯಾರವಾನ್ ತಗೊಂಡಿದ್ದೇವೆ. ಒಳಗೆ ಒಂದು ಟನ್ ಎಸಿ, ಚಿಕ್ಕ ಫ್ರಿಜ್, 3 ಲೀಟರಿನ ಗೀಸರ್, ಇಂಡಕ್ಷನ್ ಒಲೆ, ಬ್ಯಾಟರಿ, ಇನ್ವರ್ಟರ್ ಎಲ್ಲ ಇವೆ. ಹೊರಡುವ ಹಿಂದಿನ ದಿನ ಬ್ಯಾಟರಿ ಚಾರ್ಜ್ ಮಾಡೋಣ ಎಂದು ಪೋರ್ಟಿಕೋದ ಪ್ಲಗ್ ಪಾಯಿಂಟಿಗೆ ಸಿಕ್ಕಿಸಿದರೆ ಮನೆಯ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಟ್ ಮಾಡುವ ಸ್ವಿಚ್) ಟಪ್ ಅಂತ ಬೀಳುತ್ತಿತ್ತು. ಪರಿಚಯದ ಎಲೆಕ್ಟ್ರಿಷಿಯನ್ ಬಂದು, ಪ್ಲಗ್ ಬಿಚ್ಚಿ ಹಸಿರು ಅರ್ತ್ ವೈರು ತೆಗೆದುಬಿಟ್ಟರು. ಆಮೇಲೆ ತೊಂದರೆ ಇಲ್ಲ. ಆದರೆ ಮಳೆ ಬಂದ ಸಂಜೆ ನಮ್ಮಮ್ಮ ಬರಿಗಾಲಲ್ಲಿ ನಿಂತು ಕ್ಯಾರವಾನ್ ಬಾಗಿಲು ಹಿಡಿದಾಗ ಕೈ ಜುಮ್ ಅಂತಂತೆ. ಹೀಗೇ ಬಿಡಬಹುದಾ?
– ಓದುಗರೊಬ್ಬರು, ವಿದ್ಯಾರಣ್ಯಪುರ

ಉತ್ತರ: ಬಿಡಬೇಡಿ. ಈಗಲೂ ಸಿಕ್ಕಿಸಿಟ್ಟಿದ್ದರೆ ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಮುಂದಕ್ಕೆ ಓದಿ. ಅಲ್ಲಿಯವರೆಗೆ ಯಾರೂ ಗಾಡಿ ಮುಟ್ಟುವುದು ಬೇಡ.

ಐಟಿಐಯಲ್ಲಿ ವೈರ್‌ಮನ್ ಟ್ರೇಡ್ ಹುಡುಗರಿಗೆ ಪಾಠ ಮಾಡುವಾಗ ಹಳೇ ಆರ್‌ಸಿಸಿಬಿ ಒಂದನ್ನು ಬಿಚ್ಚಿ ಮೇಜಿನ ಮೇಲೆ ಇಡುತ್ತೇನೆ. ಒಳಗೆ ಒಂದು ಪುಟ್ಟ ಉಂಗುರ. ಫೇಸ್, ನ್ಯೂಟ್ರಲ್ ಎರಡರ ದಪ್ಪ ತಾಮ್ರವೂ ಆ ಉಂಗುರದ ಮೂಲಕವೇ ಹಾದುಹೋಗಿರುತ್ತದೆ. ಉಂಗುರಕ್ಕೆ ಕೂದಲೆಳೆಯಂಥ ಇನ್ನೊಂದು ತಂತಿ ಸುತ್ತಿರುತ್ತಾರೆ. ಫೇಸ್‌ನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂದರೆ ಆ ತಂತಿ ಸುಮ್ನೆ ಇರುತ್ತದೆ. ಲೆಕ್ಕ ತಪ್ಪಿದರೆ ಅದರಲ್ಲಿ ಕರೆಂಟು ಹುಟ್ಟಿ ಲಿವರ್ ಬೀಳಿಸುತ್ತದೆ. ಮನೆಗಳಿಗೆ ಹಾಕುವುದು 30 ಮಿಲಿಆಂಪಿನದು. ಅಷ್ಟು ವ್ಯತ್ಯಾಸ ಬಂದರೆ 0.3 ಸೆಕೆಂಡಿನೊಳಗೆ ಲೈನ್ ಕಟ್ ಆಗಬೇಕು.

ಅಂದರೆ ನಿಮ್ಮ ಆರ್‌ಸಿಸಿಬಿ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಕ್ಯಾರವಾನಿನೊಳಗೆ ಎಲ್ಲೋ ಲೀಕೇಜ್ ಇದೆ, ಅದು ಅರ್ತ್ ವೈರಿನಲ್ಲಿ ಹೋಗುತ್ತಿತ್ತು. ವೈರು ತೆಗೆದ ಮೇಲೆ ಲೀಕೇಜ್ ನಿಂತಿಲ್ಲ, ಹೋಗುವ ದಾರಿ ಮಾತ್ರ ಮುಚ್ಚಿತು. ಗಾಡಿ ನಿಂತಿರುವುದು ರಬ್ಬರ್ ಟೈರಿನ ಮೇಲೆ ಅಲ್ವಾ? ಬಾಡಿಯಲ್ಲಿ ನಿಂತ ವೋಲ್ಟೇಜಿಗೆ ನೆಲ ಮುಟ್ಟಲು ಬೇರೆ ದಾರಿ ಇರಲಿಲ್ಲ. ಒದ್ದೆ ನೆಲದಲ್ಲಿ ನಿಂತ ನಿಮ್ಮಮ್ಮನೇ ದಾರಿಯಾದರು. ಹಸಿರು ವೈರು ತೆಗೆದು ಹೋದವರನ್ನು ಎಲೆಕ್ಟ್ರಿಷಿಯನ್ ಎನ್ನಲು ನನಗೆ ಮನಸ್ಸಿಲ್ಲ. ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕಡೆಯವರನ್ನು ಕರೆಸಿ. ಮೊದಲ ಕೆಲಸ ಆ ವೈರನ್ನು ವಾಪಸ್ ಹಾಕಿಸುವುದು.

ಈಗ ಕಳ್ಳನನ್ನು ಹುಡುಕೋಣ. ಕ್ಯಾರವಾನುಗಳಲ್ಲಿ ಎರಡು ಕಡೆ ಅನುಮಾನ ಜಾಸ್ತಿ. ಒಂದು ಇನ್ವರ್ಟರ್. ಊರಾಚೆ ಬ್ಯಾಟರಿಯಲ್ಲಿ ಓಡುವಾಗ ಗಾಡಿಯೊಳಗೆ ನ್ಯೂಟ್ರಲ್ ಮತ್ತು ಅರ್ತ್ ಸೇರಿಸುವುದುಂಟು. ಮನೆಯ ಕರೆಂಟು ಬಂದಾಗ ಆ ಜೋಡಣೆ ಬಿಟ್ಟುಕೊಳ್ಳಬೇಕು. ಒಳ್ಳೆಯ ಇನ್ವರ್ಟರಿನಲ್ಲಿ ಇದಕ್ಕೊಂದು ರಿಲೇ ಇರುತ್ತದೆ. ಖಾಯಂ ಸೇರಿಸಿಬಿಟ್ಟಿದ್ದರೆ, ನ್ಯೂಟ್ರಲ್‌ನಲ್ಲಿ ವಾಪಸ್ ಬರಬೇಕಾದ ಕರೆಂಟಿನಲ್ಲಿ ಸ್ವಲ್ಪ ಅರ್ತ್ ಹಿಡಿದು ಹೊರಟುಹೋಗುತ್ತದೆ, ಆರ್‌ಸಿಸಿಬಿ ಬೀಳುತ್ತದೆ. ಪ್ಲಗ್ ಕಿತ್ತು, ಇನ್ವರ್ಟರ್ ಪೂರ್ತಿ ಆಫ್ ಮಾಡಿ, ಪ್ಲಗ್ಗಿನ ನ್ಯೂಟ್ರಲ್ ಪಿನ್ನಿಗೂ ಅರ್ತ್ ಪಿನ್ನಿಗೂ ಮಲ್ಟಿಮೀಟರ್ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಬೀಪ್ ಬಂದರೆ ಎರಡೂ ಸೇರಿಕೊಂಡಿವೆ ಎಂದರ್ಥ, ಬರಬಾರದು.

ಆದರೆ ಅಮ್ಮನಿಗೆ ಜುಮ್ ಅಂದಿದ್ದು ಬೇರೆ ಸುಳಿವು ಕೊಡುತ್ತದೆ. ನ್ಯೂಟ್ರಲ್ಲಿಗೆ ಸೇರಿಕೊಂಡ ಬಾಡಿಯಲ್ಲಿ ಸಾಮಾನ್ಯವಾಗಿ ಅಷ್ಟು ವೋಲ್ಟೇಜ್ ಇರುವುದಿಲ್ಲ. ಹಾಗಾಗಿ ನನ್ನ ಮೊದಲ ಅನುಮಾನ ಗೀಸರ್ ಮೇಲೆ. ಎಲಿಮೆಂಟಿನ ಒಳಗೆ ಬಿಳಿ ಪುಡಿ ತುಂಬಿರುತ್ತಾರೆ. ತಿಂಗಳುಗಟ್ಟಲೆ ಉಪಯೋಗಿಸದೆ ನಿಂತರೆ, ಸೀಲ್ ಸ್ವಲ್ಪ ಸಡಿಲವಿದ್ದರೂ ಆ ಪುಡಿ ತೇವ ಹೀರಿಕೊಂಡು ಲೀಕ್ ಮಾಡುತ್ತದೆ. ಬೋರ್‌ವೆಲ್ ನೀರು ತುಂಬಿಸಿದ್ದರೆ ಎಲಿಮೆಂಟಿನ ಮೈಯೂ ಬೇಗ ಹಾಳು. ಗೀಸರ್, ಎಸಿ, ಫ್ರಿಜ್ ಎಲ್ಲದರ ಪ್ಲಗ್ ಕಿತ್ತು ಗಾಡಿಗೆ ಕರೆಂಟು ಕೊಟ್ಟು, ಒಂದೊಂದೇ ಸಿಕ್ಕಿಸುತ್ತ ಬಂದರೆ ಯಾವುದು ಬೀಳಿಸುತ್ತದೆ ಎಂದು ಸಿಗುತ್ತದೆ. ಸ್ವಿಚ್ ಆಫ್ ಮಾಡಿ ನೋಡಿದರೆ ಸಾಲದು. ಸ್ವಿಚ್ಚು ಫೇಸ್ ಒಂದನ್ನೇ ಕಟ್ ಮಾಡುತ್ತದೆ, ನ್ಯೂಟ್ರಲ್ ಹಾಗೇ ಇರುತ್ತದೆ, ಅದರ ಕಡೆಯಿಂದಲೂ ಲೀಕ್ ಆಗಬಹುದು.

ಲೀಕೇಜ್ ಸರಿಹೋದ ಮೇಲೂ ಪೋರ್ಟಿಕೋದ ಆ ಪಾಯಿಂಟ್ ಬೇಡ. ಸಾಮಾನ್ಯವಾಗಿ ಅಲ್ಲಿರುವುದು 6 ಆಂಪಿನದು. 230 ವೋಲ್ಟಿಗೆ ಲೆಕ್ಕ ಹಾಕಿದರೆ 1,380 ವಾಟ್. ಬ್ಯಾಟರಿ ಚಾರ್ಜರ್, ಫ್ರಿಜ್ ನಡೆದಾವು. ನಿಮ್ಮ ಗೀಸರ್ ಒಂದೇ ಸುಮಾರು 3,000 ವಾಟ್, ಇಂಡಕ್ಷನ್ 2,000ದ ಹತ್ತಿರ. ಡಿಬಿಯಿಂದ (ಮನೆಯ ಎಂಸಿಬಿಗಳೆಲ್ಲ ಇರುವ ಪೆಟ್ಟಿಗೆ) ಪ್ರತ್ಯೇಕ ಲೈನ್ ಎಳೆಸಿ. 2.5 ಸ್ಕ್ವೇರ್ ಎಂಎಂ ತಾಮ್ರ, ದೂರ ಜಾಸ್ತಿ ಇದ್ದರೆ 4. ಅದಕ್ಕೇ ಅಂತ 16 ಆಂಪಿನ ಡಬಲ್ ಪೋಲ್ ಎಂಸಿಬಿ (ಲೋಡ್ ಜಾಸ್ತಿಯಾದರೆ ಫೇಸ್, ನ್ಯೂಟ್ರಲ್ ಎರಡನ್ನೂ ಕಟ್ ಮಾಡುವ ಸ್ವಿಚ್), 30 ಮಿಲಿಆಂಪ್ ಆರ್‌ಸಿಸಿಬಿ. ಹೊರಗೆ ಮುಚ್ಚಳ ಇರುವ ನೀಲಿ ಬಣ್ಣದ 16 ಆಂಪ್ ಇಂಡಸ್ಟ್ರಿಯಲ್ ಸಾಕೆಟ್. ಬಿವಿಕೆ ಅಯ್ಯಂಗಾರ್ ರಸ್ತೆಗೆ ಹೋದರೆ ಸಿಗುತ್ತದೆ. ಇಷ್ಟಾದರೂ 16 ಆಂಪಿಗೆ ಸಿಗುವುದು 3,680 ವಾಟ್. ಗೀಸರ್ ಹಾಕಿದಾಗ ಎಸಿ ಆಫ್. ಬೆಸ್ಕಾಂ ಬಿಲ್ಲಿನಲ್ಲಿ ನಿಮಗೆ ಮಂಜೂರಾದ ಲೋಡ್ ಎಷ್ಟು ಕಿಲೋವಾಟ್ ಎಂದೂ ನೋಡಿಕೊಳ್ಳಿ.

ಯುಪಿಎಸ್ ಲೈನಿನಲ್ಲಿರುವ ಪಾಯಿಂಟಿಗಂತೂ ಬೇಡವೇ ಬೇಡ. ಕರೆಂಟು ಹೋದಾಗ ಮನೆಯ ಬ್ಯಾಟರಿ ಕ್ಯಾರವಾನಿನ ಬ್ಯಾಟರಿಯನ್ನು ಚಾರ್ಜ್ ಮಾಡುತ್ತ ಕೂರುತ್ತದೆ!

ಕೇಬಲ್ ಮೂರು ಕೋರಿನದು, ರಬ್ಬರ್ ಹೊದಿಕೆಯದು, 2.5 ಸ್ಕ್ವೇರ್ ಎಂಎಂ. ಡ್ರಮ್ಮಿನಲ್ಲಿ ಸುತ್ತಿದ್ದರೆ ಪೂರ್ತಿ ಬಿಚ್ಚಿ ಹಾಸಬೇಕು. ಸುತ್ತಿದಂತೇ ಬಿಟ್ಟು ಎಸಿ ಓಡಿಸಿದರೆ ಒಳಗಿನ ಸುತ್ತುಗಳು ಬಿಸಿಯಾಗಿ ಹೊದಿಕೆ ಕರಗುತ್ತದೆ. ಸಿಕ್ಕಿಸುವಾಗ ಗಾಡಿಯ ಕಡೆಯದು ಮೊದಲು, ಗೋಡೆಯದು ಆಮೇಲೆ, ಸ್ವಿಚ್ ಕೊನೆಗೆ. ತೆಗೆಯುವಾಗ ಉಲ್ಟಾ. ಎರಡೂ ತುದಿಗೆ ಪಿನ್ ಇರುವ ವೈರು ಮಾಡಿಕೊಂಡು, ಕರೆಂಟು ಹೋದಾಗ ಗಾಡಿಯ ಇನ್ವರ್ಟರಿನಿಂದ ಮನೆಗೆ ಕೊಡುವ ಐಡಿಯಾ ಯಾರಾದರೂ ಹೇಳಿದರೆ ಕೇಳಬೇಡಿ. ಆ ಕರೆಂಟು ಮೀಟರ್ ದಾಟಿ ಕಂಬಕ್ಕೆ ಹೋಗಬಹುದು. ಕಂಬದ ಮೇಲೆ ಲೈನ್‌ಮನ್ ಇರುತ್ತಾರೆ.

ಪ್ರಶ್ನೆ: ಮಗಳು, ಅಳಿಯ ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ ತಗೊಂಡಿದ್ದಾರೆ. ಮನೆಯಲ್ಲಿ ಅದಕ್ಕೆ 30 ಆಂಪ್ ಪಾಯಿಂಟ್ ಹಾಕಿಸುತ್ತಿದ್ದಾರಂತೆ. ನಿಮ್ಮ ಅಂಕಣ ಓದುವ ನಾನು ಅವರಿಗೆ ಏನು ಹೇಳಲಿ?
– ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಒಂದೇ ಮಾತು ಹೇಳಿ: 120 ವೋಲ್ಟ್. ಅಲ್ಲಿನ 30 ಆಂಪ್ ಟ್ರೇಲರ್ ಸಾಕೆಟ್ ಟಿಟಿ-30, ಅದಕ್ಕೆ ಒಂದೇ ಫೇಸ್, 120 ವೋಲ್ಟ್. ಆದರೆ ಆ ದೇಶದ ಮನೆಗಳಲ್ಲಿ ಬಟ್ಟೆ ಒಣಗಿಸುವ ಡ್ರೈಯರ್ ಪಾಯಿಂಟೂ 30 ಆಂಪೇ, ಅದು 240 ವೋಲ್ಟಿನದು. 30 ಆಂಪ್ ಎಂದ ಕೂಡಲೇ ಡ್ರೈಯರ್ ಲೆಕ್ಕದಲ್ಲಿ ವೈರು ಎಳೆದುಬಿಡುವ ಎಲೆಕ್ಟ್ರಿಷಿಯನ್ನರು ಅಲ್ಲೂ ಇದ್ದಾರೆ. ಸಿಕ್ಕಿಸಿದ ಕ್ಷಣದಲ್ಲಿ ಚಾರ್ಜರ್, ಮೈಕ್ರೋವೇವ್, ಎಸಿ ಬೋರ್ಡ್ ಎಲ್ಲ ಸುಟ್ಟುಹೋಗುತ್ತವೆ.

ಅಡಾಪ್ಟರ್ ಹಾಕಿ ಮನೆಯ ಮಾಮೂಲಿ 15 ಆಂಪ್ ಪಾಯಿಂಟಿಗೂ ಸಿಕ್ಕಿಸಬಹುದು, ಆದರೆ ಸಿಗುವುದು 1,800 ವಾಟ್. ಎಸಿ ಹಾಕಿದರೆ ಬೇರೇನೂ ಬೇಡ. ಅಲ್ಲಿ ಗ್ಯಾರೇಜ್, ಹೊರಗೋಡೆಯ ಪಾಯಿಂಟುಗಳಿಗೆ ಜಿಎಫ್‌ಸಿಐ ಹಾಕಿರುತ್ತಾರೆ, ನಮ್ಮ ಆರ್‌ಸಿಸಿಬಿಯ ಸೂಕ್ಷ್ಮ ತಮ್ಮ. 5 ಮಿಲಿಆಂಪಿನ ಆಸುಪಾಸಿಗೇ ಬೀಳುತ್ತದೆ. ಬಿದ್ದರೆ ಮೇಲೆ ವಿದ್ಯಾರಣ್ಯಪುರದವರಿಗೆ ಹೇಳಿದ ಹಾಗೆ ಒಂದೊಂದೇ ಕಿತ್ತು ಹುಡುಕಲಿ.

ಹೊಸ ಪಾಯಿಂಟ್ ತಯಾರಾದ ದಿನ, ಟ್ರೇಲರ್ ಸಿಕ್ಕಿಸುವ ಮೊದಲು, ಮಲ್ಟಿಮೀಟರಿನಲ್ಲಿ ಅಳೆಯಲಿ. 120ರ ಹತ್ತಿರ ಇದ್ದರೆ ಸರಿ. 240 ತೋರಿಸಿದರೆ ಹಣ ಕೊಡದೆ, ಕೆಲಸ ಮಾಡಿದವರನ್ನೇ ಮತ್ತೆ ಕರೆಸಲಿ.